ಪೆಟ್ಟಿಗೆಯೊಳಗಿನ ಗಾಳಿ

ಅಮೆರಿಕದ ಕೇಂಬ್ರಿಡ್ಜ್ ಊರಿನ ಎಂಐಟಿಯಲ್ಲಿ 1950ರ ಸುಮಾರಿಗೆ ಹೆನ್ರಿ ಕ್ಲಾಸ್ ಎಂಬ ಹುಡುಗ ಭೌತಶಾಸ್ತ್ರ ಓದುತ್ತಿದ್ದ. ಓದಿನ ಖರ್ಚಿಗೆ ಮರಗೆಲಸ ಮಾಡುತ್ತಿದ್ದ. ಅಲ್ಲಿಯ ಪ್ರಾಧ್ಯಾಪಕರೊಬ್ಬರು ತಮ್ಮ ವಿದ್ಯಾರ್ಥಿಯೊಡನೆ ರೂಪಿಸಿದ ಅಗ್ಗದ ಸ್ಪೀಕರಿಗೆ ಪೆಟ್ಟಿಗೆ ಮಾಡಿಕೊಡುವುದೇ ಅವನ ಸಂಪಾದನೆ. ಕೊನೆಗೆ ಪದವಿಯನ್ನೇನೂ ಪಡೆಯಲಿಲ್ಲ. ಆದರೆ ವಿದ್ಯಾರ್ಥಿಗಳ ಕೋಣೆಗೆ ಒಳ್ಳೆಯ ದನಿ ಬಂದ ಕಥೆಯಲ್ಲಿ ಅವನ ಪಾಲು ದೊಡ್ಡದು.

ಆಗ ಒಳ್ಳೆಯ ಸ್ಪೀಕರ್ ಎಂದರೆ ಫ್ರಿಜ್‌ನಷ್ಟು ದೊಡ್ಡ ಪೆಟ್ಟಿಗೆ. ತಂಬೂರಿಯ ಖರಜವೋ ತಬಲಾದ ಡಗ್ಗಾವೋ ತುಂಬಿಕೊಂಡು ಕೇಳಬೇಕಾದರೆ ಅಷ್ಟು ಜಾಗ, ಅಷ್ಟು ಮರ, ಅಷ್ಟು ದುಡ್ಡು ಬೇಕಿತ್ತು. ಸಿರಿವಂತರ ದಿವಾನಖಾನೆಗೆ ಅದು ಸರಿ, ಬಾಡಿಗೆ ಕೋಣೆಗಲ್ಲ.

ಕ್ಲಾಸ್ ಸೈನ್ಯದಲ್ಲಿದ್ದಾಗ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಜೆ ತರಗತಿಗೆ ಹೋಗುತ್ತಿದ್ದ. ಅಲ್ಲಿ ಪಾಠ ಹೇಳುತ್ತಿದ್ದವರು ಎಡ್ಗರ್ ವಿಲ್ಚರ್. ಅವರ ಬಳಿ ಒಂದು ಉಪಾಯವಿತ್ತು. ಕಂಪನಿಗಳಿಗೆ ತೋರಿಸಿದ್ದರು, ಯಾರೂ ಒಪ್ಪಿರಲಿಲ್ಲ. ಸೈಕಲ್ ಪಂಪಿನ ಬಾಯಿಗೆ ಬೆರಳೊತ್ತಿ ಹಿಡಿ ಅದುಮಿದರೆ ಅದು ಹಿಂದಕ್ಕೆ ಚಿಮ್ಮುತ್ತದೆಯಲ್ಲ, ಆ ಗಾಳಿಯೇ ಸ್ಪ್ರಿಂಗ್. ಸ್ಪೀಕರಿನ ಕೋನ್ ಸಡಿಲವಾಗಿರಲಿ, ಪೆಟ್ಟಿಗೆಯನ್ನು ಗಾಳಿ ಆಡದಂತೆ ಮುಚ್ಚಿ, ಕೋನನ್ನು ಹಿಂದಕ್ಕೆ ತಳ್ಳುವ ಕೆಲಸವನ್ನು ಒಳಗಿನ ಗಾಳಿಗೇ ಬಿಡಿ ಎಂದರು ವಿಲ್ಚರ್. ಗುರುವಿಗೆ ಉಪಾಯ ಗೊತ್ತಿತ್ತು, ಶಿಷ್ಯನಿಗೆ ಪೆಟ್ಟಿಗೆ ಮಾಡುವುದು ಗೊತ್ತಿತ್ತು. ಇಬ್ಬರೂ ಸೇರಿ 1954ರಲ್ಲಿ ಅಕೌಸ್ಟಿಕ್ ರಿಸರ್ಚ್ ಕಂಪನಿ ತೆರೆದು ಎಆರ್-1 ಹೊರತಂದರು. ಎರಡು ಘನ ಅಡಿಗಿಂತ ಚಿಕ್ಕ ಪೆಟ್ಟಿಗೆಯಿಂದ ಅಂಥ ಬೇಸ್ ಬಂದದ್ದನ್ನು ಕೇಳಿ ಜನ ಬೆರಗಾದರು. ಬೆಲೆ ಸುಮಾರು 185 ಡಾಲರ್. 1957ರ ಎಆರ್-2 ನೂರು ಡಾಲರಿನೊಳಗೆ ಬಂತು.

ಈ ಕಂಪನಿ ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ ಒಂದು ಸಂಗೀತದ ಕೋಣೆಯನ್ನೂ ಇಟ್ಟಿತ್ತು. ಅಲ್ಲಿ ಏನನ್ನೂ ಮಾರುತ್ತಿರಲಿಲ್ಲ. ಜೇಬಿನಲ್ಲಿ ದುಡ್ಡಿಲ್ಲದವನೂ ಕೂತು ಕೇಳಿ ಹೋಗಬಹುದಿತ್ತು.

1957ರಲ್ಲಿ ಕ್ಲಾಸ್ ಹೊರಬಂದು, ಮ್ಯಾಲ್ಕಮ್ ಲೋ ಮತ್ತು ಜೋಸೆಫ್ ಆಂಟನ್ ಹಾಫ್‌ಮನ್ ಜೊತೆ ಕೆಎಲ್‌ಎಚ್ ಕಟ್ಟಿದ. ಹಾಫ್‌ಮನ್ ಪ್ರಸಿದ್ಧ ಪಿಯಾನೊ ವಾದಕ ಜೋಸೆಫ್ ಹಾಫ್‌ಮನ್ ಅವರ ಮಗ. ಇಂದಿಗೂ ಸ್ಪೀಕರ್ ಮಾಡುವವರು ಅವರ ಹೆಸರಿನಲ್ಲಿ ಒಂದು ಕಬ್ಬಿಣದ ನಿಯಮ ಹೇಳುತ್ತಾರೆ: ಆಳವಾದ ಬೇಸ್, ಚಿಕ್ಕ ಪೆಟ್ಟಿಗೆ, ಕಡಿಮೆ ವಾಟ್‌ನಲ್ಲಿ ಜೋರು ದನಿ. ಈ ಮೂರರಲ್ಲಿ ಎರಡು ಸಿಗುತ್ತವೆ, ಮೂರನೆಯದನ್ನು ಬಿಡಬೇಕು. ಎಆರ್-1 ಬಿಟ್ಟುಕೊಟ್ಟದ್ದು ಮೂರನೆಯದನ್ನು. ಅದಕ್ಕೆ ಶಕ್ತಿಯುಳ್ಳ ಆಂಪ್ಲಿಫೈಯರ್ ಬೇಕಾಗುತ್ತಿತ್ತು.

ಕ್ಲಾಸ್ 1967ರಲ್ಲಿ ಅಡ್ವೆಂಟ್ ಕಂಪನಿ ಶುರುಮಾಡಿ, 1969ರಲ್ಲಿ ತನ್ನ ಸ್ಪೀಕರನ್ನು ಎರಡು ಉಡುಪಿನಲ್ಲಿ ಮಾರಿದ. ಒಂದಕ್ಕೆ ವಾಲ್ನಟ್ ಮರದ ಹೊದಿಕೆ, ಇನ್ನೊಂದಕ್ಕೆ ಮರದಂತೆ ಕಾಣುವ ವಿನೈಲ್ ಹಾಳೆ. ಒಳಗಿನ ಯಂತ್ರ ಎರಡರಲ್ಲೂ ಒಂದೇ. ಬಡವನಿಗೆ ಅಂದ ಕಡಿಮೆಯಾಗಲಿ, ದನಿ ಕಡಿಮೆಯಾಗಬಾರದು ಎಂಬುದು ಅವನ ಲೆಕ್ಕ. ಅದೇ ಹೊತ್ತಿಗೆ ಡೈನಾಕೊ ಎ-25 ಒಂದಕ್ಕೆ ಸುಮಾರು 80 ಡಾಲರಿನಂತೆ ಬಂದಿತ್ತು. ಅಮೆರಿಕದ ಹಾಸ್ಟೆಲ್ ಕೋಣೆಗಳಿಗೆ ಇಂಥ ಜೋಡಿಗಳು ಸೇರಿದ್ದು ಹೀಗೆ.

ಅಂಗೈಯಗಲದ ಡಬ್ಬಿಯಲ್ಲಿ ಮೂರೂ ಇವೆ ಎಂದು ಇಂದಿನ ಜಾಹೀರಾತುಗಳು ಹೇಳುತ್ತವೆ. ಗಾಳಿಯ ನಿಯಮವೇನೂ ಬದಲಾಗಿಲ್ಲ. ಪುಣೆಯ ಪೀಜಿಯಲ್ಲೋ ಮುಂಬೈನ ಹತ್ತಡಿ ಖೋಲಿಯಲ್ಲೋ ಇರುವ ನಮ್ಮ ಹುಡುಗರಿಗೆ ಒಂದು ಅನುಕೂಲವುಂಟು. ಕೋಣೆ ಚಿಕ್ಕದು, ಗೋಡೆಯಾಚೆ ನೆರೆಯವರಿದ್ದಾರೆ, ಜೋರು ದನಿ ಹೇಗೂ ಬೇಡ. ಬಿಡಬೇಕಾದದ್ದು ಅದನ್ನೇ. ಉಳಿದ ದುಡ್ಡು ಮೈಮೇಲಿನ ಹೊಳಪಿಗಲ್ಲ, ಒಳಗಿನ ಕೋನಿಗೆ ಹೋಗಲಿ. ಕೊಳ್ಳುವ ಮೊದಲು, ಪರಿಚಯದ ಒಂದು ಹಾಡನ್ನು ಪೂರ್ತಿ ಕೂತು ಕೇಳಲಿ.