ಸೋಯಾ ಹಳದಿಯಾದ್ರೆ ಎಣ್ಣಿ ಹೊಡೆಯೋ ಮೊದಲು ಬೇರು ನೋಡಿ

ಧಾರವಾಡ, ಬೈಲಹೊಂಗಲ ಭಾಗದ ಸೋಯಾಅವರೆ ಹೊಲದಲ್ಲಿ ಗಿಡ ಹಳದಿಯಾದರೆ ಅದಕ್ಕೆಲ್ಲ ತುಕ್ಕು ರೋಗವೇ ಕಾರಣವಲ್ಲ. ಅಂಗಡಿಗೆ ಹೋಗುವ ಮೊದಲು ಎಲೆ, ಬೇರು ಎರಡನ್ನೂ ನೋಡಬೇಕು.

ತುಕ್ಕು ಶುರುವಾಗೋದು ಕೆಳಗಿನ ಎಲೆಗಳಿಂದ. ಎಲೆ ತಿರುವಿ ಬೆರಳಾಡಿಸಿದರೆ ಇಟ್ಟಂಗಿ ಬಣ್ಣದ ಪುಡಿ ಹತ್ತುತ್ತದೆ. ಮೋಡ, ಜಿಟಿಜಿಟಿ ಮಳೆ ಹಿಡಿದರೆ ಬೇಗ ಹರಡಿ ಎಲೆ ಉದುರುತ್ತದೆ, ಕಾಳು ಜೊಳ್ಳಾಗುತ್ತದೆ. ಕಂಡ ಕೂಡಲೇ ಲೀಟರ್ ನೀರಿಗೆ 1 ಮಿ.ಲೀ. ಹೆಕ್ಸಾಕೊನಜೋಲ್ ಬೆರೆಸಿ ಸಿಂಪಡಿಸಬೇಕು. ಹಳೆಯ ಜೆಎಸ್-335 ತಳಿ ಈ ರೋಗಕ್ಕೆ ಬೇಗ ತುತ್ತಾಗುತ್ತದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಎಸ್‌ಬಿ-21 ತಡೆದುಕೊಳ್ಳುತ್ತದೆ.

ಪುಡಿ ಇಲ್ಲ, ಆದರೆ ಅಲ್ಲಲ್ಲಿ ಗುಂಪಾಗಿ ಗಿಡ ಗಿಡ್ಡಾಗಿ ಮಧ್ಯಾಹ್ನದ ಬಿಸಿಲಿಗೆ ಬಾಡುತ್ತಿವೆ ಅಂದ್ರೆ ಬೇರುಗಂಟು ಜಂತುಹುಳುವಿನ ಅನುಮಾನ ಪಡಬೇಕು. ಗಿಡ ಜಗ್ಗಿ ಕೀಳಬಾರದು, ಬೇರು ಹರಿದು ಮಣ್ಣಲ್ಲೇ ಉಳಿಯುತ್ತದೆ. ಸಲಿಕೆಯಿಂದ ಅಗೆದು ನೀರಲ್ಲಿ ತೊಳೆಯಬೇಕು. ಎಡವೋದು ಇಲ್ಲೇ. ಬೇರಿನ ಪಕ್ಕಕ್ಕೆ ಅಂಟಿಕೊಂಡು ಉಗುರಿಗೆ ಸುಲಭವಾಗಿ ಬಿಡುವ, ಒಡೆದರೆ ಒಳಗೆ ಗುಲಾಬಿ ಬಣ್ಣವಿರುವ ಗಂಟು ರೈಜೋಬಿಯಂನದ್ದು. ಗಿಡಕ್ಕೆ ಸಾರಜನಕ ಕೊಡೋದು ಅದೇ. ಬೇರೇ ಊದಿಕೊಂಡು, ಬಿಡಿಸಲು ಬಾರದಂತಿದ್ದರೆ ಜಂತುಹುಳು. ಇದಕ್ಕೆ ತುಕ್ಕಿನ ಎಣ್ಣಿ ಹೊಡೆದರೆ ದುಡ್ಡು ದಂಡ.

ನಿಂತ ಬೆಳೆಯಲ್ಲಿ ಮಾಡುವಂಥದ್ದು ಕಡಿಮೆ. ಬೇಸಿಗೆಯಲ್ಲಿ ಆಳವಾಗಿ ಉಳುಮೆ ಮಾಡಿ ಮಣ್ಣು ಕಾಯಲು ಬಿಟ್ಟು, ಬಿತ್ತನೆಗೆ ಮುಂಚೆ ಬೇವಿನ ಹಿಂಡಿ ಹಾಕಬೇಕು. ಅದೇ ಹೊಲಕ್ಕೆ ಟೊಮೆಟೊ, ಬದನೆ, ಬೆಂಡೆ ಬೇಡ, ಹುಳು ಇನ್ನೂ ಹೆಚ್ಚುತ್ತದೆ. ಚೆಂಡು ಹೂವು ಆಗಬಹುದು. ಅನುಮಾನ ಉಳಿದರೆ ಬೇರನ್ನು ಹಸಿ ಮಣ್ಣಿನ ಸಮೇತ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಒಣಗುವ ಮುಂಚೆ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಬಹುದು.