ಮೂವತ್ತೈದು ನಿಮಿಷದ ಒಂದೇ ಹಾಡು

ರಾಕ್ ಸಂಗೀತದಲ್ಲಿ ಹಾಡೆಂದರೆ ಸಾಮಾನ್ಯವಾಗಿ ಮೂರ್ನಾಲ್ಕು ನಿಮಿಷಗಳದ್ದು. ಅಂತಹ ಹತ್ತಾರು ಹಾಡುಗಳು ಸೇರಿದರೆ ಒಂದು ಆಲ್ಬಂ. ಆದರೆ 1996ರ ಅಕ್ಟೋಬರ್‌ನಲ್ಲಿ ಜಪಾನಿನ ‘ಫಿಶ್‌ಮನ್ಸ್’ ತಂಡ ಹೊರತಂದ ‘ಲಾಂಗ್ ಸೀಸನ್’ ಆಲ್ಬಂನಲ್ಲಿ ಇದ್ದುದು ಒಂದೇ ಹಾಡು. ಅದರ ಅವಧಿ 35 ನಿಮಿಷ.

ಉದ್ದನೆಯ ಹಾಡು ರಾಕ್‌ಗೆ ಹೊಸದೇನಲ್ಲ. 1972ರಲ್ಲೇ ಇಂಗ್ಲೆಂಡಿನ ಜೆತ್ರೊ ಟಲ್ ತಂಡ ಒಂದೇ ರಚನೆಯಿಂದ ಇಡೀ ಆಲ್ಬಂ ತುಂಬಿಸಿತ್ತು. ಆದರೆ ಎಲ್.ಪಿ. ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದುದು ಸುಮಾರು ಇಪ್ಪತ್ತೈದು ನಿಮಿಷ. ಕೇಳುಗ ನಡುವೆ ಎದ್ದು ತಟ್ಟೆ ಮಗುಚಬೇಕಿತ್ತು. 1982ರಲ್ಲಿ ಜಪಾನಿನ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕ್ ಈ ತೊಡಕನ್ನು ನಿವಾರಿಸಿತು. ಎಪ್ಪತ್ತು ನಿಮಿಷಕ್ಕೂ ಹೆಚ್ಚಿನ ಸಂಗೀತವನ್ನು ತಡೆಯಿಲ್ಲದೆ ಕೇಳುವುದು ಸಾಧ್ಯವಾಯಿತು.

ಫಿಶ್‌ಮನ್ಸ್ 1987ರಲ್ಲಿ ಟೋಕಿಯೊದಲ್ಲಿ ವಿದ್ಯಾರ್ಥಿಗಳು ಕಟ್ಟಿದ ತಂಡ. ಮೊದಮೊದಲು ಅದರ ಮೇಲೆ ಜಮೈಕಾದ ರೆಗ್ಗೆ ಸಂಗೀತದ ಪ್ರಭಾವ ದಟ್ಟವಾಗಿತ್ತು. 1995ರ ವೇಳೆಗೆ ಇಬ್ಬರು ಸದಸ್ಯರು ತಂಡ ಬಿಟ್ಟಿದ್ದರು. ಉಳಿದವರು ಗಾಯಕ ಶಿಂಜಿ ಸಾಟೊ, ಬಾಸ್ ಗಿಟಾರ್ ನುಡಿಸುವ ಯುಜುರು ಕಾಶಿವಾಬರಾ ಹಾಗೂ ಡ್ರಮ್ಸ್‌ನ ಕಿನ್‌ಇಚಿ ಮೊಟೆಗಿ ಮಾತ್ರ. ಇದೇ ಹೊತ್ತಿಗೆ ಅವರು ಸೇರಿದ ಪಾಲಿಡಾರ್ ಕಂಪೆನಿ ಟೋಕಿಯೊದಲ್ಲಿ ತಂಡಕ್ಕೆಂದೇ ಸ್ಟುಡಿಯೊ ಒದಗಿಸಿತು. ಗಂಟೆಗಿಷ್ಟು ಬಾಡಿಗೆ ಎಂಬ ಲೆಕ್ಕಾಚಾರವಿಲ್ಲದೆ ಪ್ರಯೋಗ ನಡೆಸಲು ಇದರಿಂದ ಅನುಕೂಲವಾಯಿತು.

1996ರಲ್ಲೇ ಬಿಡುಗಡೆಯಾಗಿದ್ದ ‘ಸೀಸನ್’ ಎಂಬ ಚಿಕ್ಕ ಹಾಡೇ ‘ಲಾಂಗ್ ಸೀಸನ್’ಗೆ ಮೂಲ. ಸಂಜೆಯ ಟೋಕಿಯೊ, ಅಲ್ಲಿ ಅರೆನಿದ್ರೆಯಲ್ಲಿದ್ದಂತೆ ಸಾಗುವ ಇಬ್ಬರು, ಇಷ್ಟೇ ಅದರ ವಸ್ತು. ಕೀಬೋರ್ಡ್‌ನ ಒಂದು ಸಣ್ಣ ಸ್ವರಗುಚ್ಛ ಮತ್ತೆ ಮತ್ತೆ ಮರಳಿ ಬರುತ್ತದೆ. ಹೊಂಜಿ ಎಂಬ ಕಲಾವಿದೆಯ ವಯೊಲಿನ್ ಅದರ ಜೊತೆಗೂಡುತ್ತದೆ. ನಡುಭಾಗದಲ್ಲಿ ಹಾಡು ಕರಗಿ, ನೀರು ತೊಟ್ಟಿಕ್ಕುವ ಸದ್ದು ಮತ್ತು ತಾಳವಾದ್ಯಗಳಷ್ಟೇ ಉಳಿಯುತ್ತವೆ. ಬಳಿಕ ಮೊದಲಿನ ಸ್ವರಗುಚ್ಛ ಮರಳುತ್ತದೆ. ಅಷ್ಟು ಹೊತ್ತು ಕಾದವನಿಗೆ ಅದು ಹಳೆಯ ಪರಿಚಿತರು ಎದುರಾದಂತೆ. ಈ ಅನುಭವಕ್ಕೆ ಮೂರ್ನಾಲ್ಕು ನಿಮಿಷ ಸಾಲದು ಎಂಬುದೇ ಉದ್ದದ ಸಮರ್ಥನೆ ಎನ್ನಬಹುದು.

1998ರ ಡಿಸೆಂಬರ್ 28ರಂದು ಟೋಕಿಯೊದ ಅಕಾಸಾಕಾ ಬ್ಲಿಟ್ಜ್ ಸಭಾಂಗಣದಲ್ಲಿ ಕಾರ್ಯಕ್ರಮವಿತ್ತು. ಕಾಶಿವಾಬರಾ ತಂಡ ಬಿಡುವವರಿದ್ದರು, ಅದು ಅವರ ಬೀಳ್ಕೊಡುಗೆ. ಕೊನೆಗೆ ನುಡಿಸಿದ್ದು ‘ಲಾಂಗ್ ಸೀಸನ್’. ಅಂದು ಅದು ನಲವತ್ತು ನಿಮಿಷವನ್ನೂ ಮೀರಿತು. ಮೂರು ತಿಂಗಳೊಳಗೆ, 1999ರ ಮಾರ್ಚ್ 15ರಂದು, ಸಾಟೊ ತೀರಿಕೊಂಡರು. ಅವರಿಗಾಗ ಕೇವಲ 33 ವರ್ಷ. ಒಬ್ಬರ ಬೀಳ್ಕೊಡುಗೆಗೆಂದು ನಡೆದ ಕಾರ್ಯಕ್ರಮ ಮತ್ತೊಬ್ಬರ ಕೊನೆಯ ಗಾಯನವಾಯಿತು.

ಅಂದಿನ ಧ್ವನಿಮುದ್ರಣ ಅದೇ ವರ್ಷ ಆಲ್ಬಂ ಆಗಿ ಹೊರಬಂತು. ಸಾಟೊ ಬದುಕಿದ್ದಾಗ ಹೊರದೇಶಗಳಲ್ಲಿ ಹೆಚ್ಚು ಪರಿಚಯವಿರದ ಫಿಶ್‌ಮನ್ಸ್‌ಗೆ ಮುಂದೆ ಇಂಟರ್‌ನೆಟ್ ಮೂಲಕ ಜಪಾನೀ ಭಾಷೆ ಬಾರದ ಕೇಳುಗರೂ ದೊರೆತರು. ಮೊಟೆಗಿ ಬೇರೆ ಗಾಯಕರನ್ನು ಜೊತೆಗೂಡಿಸಿಕೊಂಡು ತಂಡದ ಹಾಡುಗಳನ್ನು ಮತ್ತೆ ವೇದಿಕೆಗೆ ತಂದರು.