ಕೋಟದಿಂದ ಹಿಮಾಲಯಕ್ಕೆ: ಒಬ್ಬ ಮನೋವೈದ್ಯರ ದಾರಿ

ಕೋಟ ಎಂದೊಡನೆ ಕನ್ನಡಿಗರಿಗೆ ನೆನಪಾಗುವವರು ಶಿವರಾಮ ಕಾರಂತರು. ಮನೋವೈದ್ಯಶಾಸ್ತ್ರದ ಅಭ್ಯಾಸಿಗಳಿಗೆ ಅದೇ ಊರು ನೆನಪಾಗುವುದು ಇನ್ನೊಂದು ಕಾರಣಕ್ಕೆ. 1976ರಲ್ಲಿ ಪ್ರಕಟವಾದ ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಎಂಬ ಗ್ರಂಥ ಆ ಊರಿನ ಜನರ ಮನಸ್ಸಿನ ನೋವನ್ನು ಮನೆಮನೆಗೆ ಹೋಗಿ ಅರಿತು ಬರೆದದ್ದು. ಅದರ ಕರ್ತೃಗಳು ಇಬ್ಬರು: ಬ್ರಿಟಿಷ್ ಮನೋವೈದ್ಯ ಜಿ. ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್.

ಕಪೂರರಿಗೆ ಎದುರಾದ ಮೊದಲ ತೊಡಕು ಪ್ರಶ್ನೆಗಳದ್ದೇ. ಪಶ್ಚಿಮದಲ್ಲಿ ಸಿದ್ಧವಾದ ಪ್ರಶ್ನಾವಳಿಗಳು ಅಲ್ಲಿಯ ರೋಗಿಗಳ ಮಾತನ್ನು ಆಧರಿಸಿದ್ದವು. ನಮ್ಮಲ್ಲಿ ದುಃಖವು ಎಷ್ಟೋ ವೇಳೆ ಮೈಕೈ ನೋವಾಗಿ, ಎದೆಯ ಭಾರವಾಗಿ, ತಲೆಯ ಉರಿಯಾಗಿ ಹೊರಬರುತ್ತದೆ. ಕೆಲವರಿಗೆ ಮೈಮೇಲೆ ಬರುತ್ತದೆ. ಇದೆಲ್ಲಕ್ಕೂ ಎಡೆಯಿರುವ ಭಾರತೀಯ ಸಂದರ್ಶನ ಪಟ್ಟಿಯೊಂದನ್ನು ಅವರು ಮನಶ್ಶಾಸ್ತ್ರಜ್ಞೆ ಮಾಲವಿಕಾ ಕಪೂರ್ ಹಾಗೂ ಕಾರ್‌ಸ್ಟೇರ್ಸ್ ಅವರೊಡನೆ ರೂಪಿಸಿದರು.

ಕೋಟದಲ್ಲಿ ಅವರು ಬ್ರಾಹ್ಮಣ, ಬಂಟ ಮತ್ತು ಮೊಗವೀರ ಸಮುದಾಯಗಳನ್ನು ಅಧ್ಯಯನಕ್ಕೆ ಆರಿಸಿಕೊಂಡರು. ಮೊದಲನೆಯದು ತಂದೆಯ ವಂಶವನ್ನು ಅನುಸರಿಸುವಂಥದು. ಉಳಿದೆರಡೂ ಅಳಿಯಸಂತಾನದ ಪದ್ಧತಿಯವು. ಆ ಪದ್ಧತಿ ಸಡಿಲವಾಗುತ್ತಿದ್ದ ಕಾಲ ಅದು. ಬದುಕಿನ ಕ್ರಮ ಬದಲಾದಾಗ ಮನಸ್ಸಿಗೆ ಏನಾಗುತ್ತದೆ ಎಂಬುದು ಗ್ರಂಥದ ಮುಖ್ಯ ಪ್ರಶ್ನೆ. ಮುಂಬಯಿಯ ಹೋಟೆಲು, ಬಂದರುಗಳಿಗೆ ಕರಾವಳಿಯಿಂದ ಬಂದವರ ಮನೆಗಳಲ್ಲಿ ಆ ಪ್ರಶ್ನೆ ಇಂದಿಗೂ ಹಳತಾಗಿಲ್ಲ.

ಊರಿನವರು ಚಿಕಿತ್ಸೆಗೆ ಎಲ್ಲಿಗೆ ಹೋಗುತ್ತಿದ್ದರು ಎಂಬುದನ್ನೂ ಕಪೂರ್ ವಿಚಾರಿಸಿದರು. ಪಂಡಿತರು, ಮಂತ್ರವಾದಿಗಳು, ದರ್ಶನದ ಪಾತ್ರಿಗಳು, ಆಧುನಿಕ ವೈದ್ಯರು ಎಲ್ಲರೂ ಇದ್ದರು. ಡಾಕ್ಟರ ಮಾತ್ರೆಯನ್ನೂ ಮಂತ್ರವಾದಿಯ ನೂಲನ್ನೂ ಒಟ್ಟಿಗೆ ಸ್ವೀಕರಿಸುವುದರಲ್ಲಿ ಜನರಿಗೆ ವಿರೋಧ ಕಾಣಲಿಲ್ಲ. ಇದನ್ನು ಅಜ್ಞಾನವೆಂದು ತಳ್ಳಿಹಾಕದೆ, ಗ್ರಾಮೀಣ ಮಾನಸಿಕ ಆರೋಗ್ಯದ ಯೋಜನೆ ಈ ವಾಸ್ತವವನ್ನು ತಿಳಿದೇ ಹೊರಡಬೇಕೆಂದು ಅವರು 1975ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದಾಗ ಸಮುದಾಯ ಮನೋವೈದ್ಯಕೀಯಕ್ಕೆ ಬುನಾದಿ ಹಾಕಿದವರಲ್ಲಿ ಅವರೂ ಒಬ್ಬರು.

ಮುಂದೆ ಅವರ ಆಸಕ್ತಿ ಯೋಗದ ಕಡೆಗೆ ಹರಿಯಿತು. ಓದಿ ತಿಳಿದದ್ದು ಸಾಲದೆಂದು ತಾವೇ ಅಭ್ಯಾಸಕ್ಕೆ ಕುಳಿತರು. ಸಾಧುಗಳನ್ನು ಹುಡುಕಿ ಹಿಮಾಲಯಕ್ಕೂ ಹೋದರು. ಮನೆಮಠ ಬಿಟ್ಟವರನ್ನು ರೋಗಿಗಳೆಂದು ಮೊದಲೇ ತೀರ್ಮಾನಿಸದೆ, ಸಂತರೆಂದೂ ಒಪ್ಪಿಬಿಡದೆ, ಕೇಳಿಸಿಕೊಂಡರು. ಆ ಅನುಭವದ ಪುಸ್ತಕ ‘ಅನದರ್ ವೇ ಟು ಲಿವ್’ ಹೊರಬಂದದ್ದು 2009ರಲ್ಲಿ. ಅಷ್ಟರಲ್ಲಿ ಕಪೂರ್ ತೀರಿಕೊಂಡು ಮೂರು ವರ್ಷವಾಗಿತ್ತು.

1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಾಟ್-ಜಿನ್ ಧ್ಯಾನವನ್ನು ಧರ್ಮದ ಚೌಕಟ್ಟಿನಿಂದ ಬಿಡಿಸಿ ಆಸ್ಪತ್ರೆಗೆ ತಂದರು. ಅದರಿಂದ ಹಲವರಿಗೆ ಉಪಕಾರವಾಗಿದೆ. ಇಂದು ಅದು ‘ಮೈಂಡ್‌ಫುಲ್‌ನೆಸ್’ ಎಂಬ ಹೆಸರಿನಲ್ಲಿ ನಮ್ಮ ಮೊಬೈಲಿಗೂ ಬಂದಿದೆ. ಕಪೂರ್ ನಡೆದದ್ದು ಬೇರೆ ದಾರಿ. ಧ್ಯಾನವನ್ನು ಅದು ಬೆಳೆದ ಬದುಕಿನೊಳಗೇ ನೋಡಲು ಅವರು ಬಯಸಿದರು.

ಅಪ್ಪ ತೀರಿಕೊಂಡ ವರ್ಷ ಅಮ್ಮನನ್ನು ಇಲ್ಲಿಯ ವೈದ್ಯರೊಬ್ಬರ ಬಳಿ ಕರೆದೊಯ್ದಿದ್ದೆ. ‘ಹೊಟ್ಟೆಯಲ್ಲಿ ಸಂಕಟ’ ಎಂದಳು. ನಾನು ಹಿಂದಿಯಲ್ಲಿ ‘ಹೊಟ್ಟೆನೋವು’ ಎಂದೆ. ವೈದ್ಯರು ಅದಕ್ಕೆ ತಕ್ಕ ಮಾತ್ರೆ ಬರೆದುಕೊಟ್ಟರು. ತಪ್ಪು ಅವರದಲ್ಲ, ನನ್ನದು. ಕನ್ನಡ ಬಲ್ಲ ನಾನೇ ಅಮ್ಮನ ಮಾತನ್ನು ಪೂರ್ತಿ ಕೇಳಿಸಿಕೊಂಡಿರಲಿಲ್ಲ. ಹೊರನಾಡಿನಲ್ಲಿ ಹಿರಿಯರ ದುಭಾಷಿಗಳಾಗಿರುವ ನಮಗೆ ಕಪೂರರ ಕೋಟ ಕಲಿಸುವ ಮೊದಲ ಪಾಠ ಅದೇ.